ರಾಜನಿಗೂ ಹುಚ್ಚನಿಗೂ ಹಳೇ ಬಟ್ಟೆ

ಹಳೇ ಬಟ್ಟೆ ಕೊಳ್ಳಲು ಹೋದ ನಾನು ಬರೀ ಬಟ್ಟೆ ಹಿಡಿದುಕೊಂಡು ಮನೆಗೆ ಬಂದದ್ದು ಕಡಿಮೆ. ಏನಾದರೊಂದು ಆಗಿಯೇ ತೀರುತ್ತದೆ.

ಬಳ್ಳಾರಿಯಲ್ಲಿ ನಮ್ಮದು ನಾಟಕದ ಡ್ರೆಸ್ ಬಾಡಿಗೆ ಕೊಡುವ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಯಾರು ರಾಜರಾದರೂ, ಜಡ್ಜರಾದರೂ, ಕಳ್ಳರಾದರೂ ಮೊದಲು ನಮ್ಮ ಕಪಾಟಿನ ಮುಂದೆ ನಿಲ್ಲಬೇಕು. ಹೊಸ ಬಟ್ಟೆ ಹೊಲಿಸಿದರೆ ಗಿಟ್ಟುವುದಿಲ್ಲ. ಗಿಟ್ಟಿದರೂ ಒಪ್ಪುವುದಿಲ್ಲ. ಹೊಸ ಕೋಟು ಹಾಕಿದ ಮುದುಕ ಜಮೀನ್ದಾರ ಸ್ಟೇಜಿನ ಮೇಲೆ ಮದುಮಗನ ಹಾಗೆ ಕಾಣುತ್ತಾನೆ. ಅದಕ್ಕೇ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತುವುದು ನನ್ನ ಕೆಲಸ. ಹುಡುಕಿ ತಂದದ್ದನ್ನು ತೊಳೆದು, ಹೊಲಿದು, ಗುಂಡಿ ಹಚ್ಚುವುದು ನನ್ನ ಹೆಂಡತಿಯ ಕೆಲಸ. ಗಣಿ ಗದ್ದಲ ಜೋರಾಗಿದ್ದ ವರ್ಷಗಳಲ್ಲಿ ನಡೆದ ಕೆಲವನ್ನು ಇಲ್ಲಿ ಹೇಳುತ್ತೇನೆ.

ಎಷ್ಟು ಹಳೇದು?

ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಹೋಗುವ ರಸ್ತೆಯ ಪಕ್ಕದಲ್ಲಿ ಒಬ್ಬ ಚಾಚಾನ ಹಳೇ ಸಾಮಾನಿನ ಅಂಗಡಿ ಇತ್ತು. ಶೇರ್ವಾನಿ, ಟೋಪಿ, ಕೈಕೋಲು, ಹಿತ್ತಾಳೆ ದೀಪ ಎಲ್ಲ ಅಲ್ಲಿ ಸಿಗುತ್ತಿದ್ದವು. ಚಾಚಾ ನಮಾಜು ತಪ್ಪಿಸದ ಮನುಷ್ಯ, ವ್ಯಾಪಾರದಲ್ಲೂ ಸುಳ್ಳು ಹೇಳುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯನ್ನೆಲ್ಲ ಫಳಫಳ ತಿಕ್ಕುವುದೇ ಅವರ ಮೊದಲ ಕೆಲಸ.

ಒಂದು ದಿನ ನಾನು ಅಲ್ಲಿ ಶೇರ್ವಾನಿ ನೋಡುತ್ತಿದ್ದಾಗ ದೊಡ್ಡ ಕಾರಿನಲ್ಲಿ ಗಂಡ ಹೆಂಡತಿ ಬಂದಿಳಿದರು. ಹೊಸ ಬಂಗಲೆ ಕಟ್ಟಿಸಿದ್ದರಂತೆ, ಹಾಲಿನಲ್ಲಿ ಇಡಲು ಹಳೇ ಕಾಲದ ಸಾಮಾನು ಬೇಕಿತ್ತಂತೆ. ಆಯಮ್ಮ ಒಂದು ದೀಪ ಎತ್ತಿ ನೋಡಿ, “ಇದು ಹೊಸಾದಲ್ಲ?” ಅಂತ ಮುಖ ಸಿಂಡರಿಸಿ ಇಳಿಸಿದಳು. ಇಬ್ಬರೂ ಏನೂ ಕೊಳ್ಳದೆ ಹೋದರು.

ಚಾಚಾಗೆ ಬಹಳ ಬೇಜಾರಾಯಿತು. “ನೋಡ್ರಿ, ತಿಕ್ಕಿ ತಿಕ್ಕಿ ರಟ್ಟಿ ಬಿದ್ದು ಹೋದ್ವು. ತಿಕ್ಕಿದ್ದಕ್ಕ ಬ್ಯಾಡ ಅಂತಾರ. ಇನ್ನು ಕೈ ಹಚ್ಚಂಗಿಲ್ಲ.”

ಹೇಳಿದಂತೆ ಕೈ ಹಚ್ಚಲಿಲ್ಲ. ಲಾರಿಗಳು ತಮ್ಮ ಕೆಲಸ ಮಾಡಿದವು. ಮುಂದಿನ ಸಾಲಿನ ಸಾಮಾನಿನ ಮೇಲೆ ಕೆಂಪು ಧೂಳು ಪದರ ಪದರವಾಗಿ ಕೂತಿತು. ಮತ್ತೊಂದು ಸಲ ನಾನು ಹೋದಾಗ ಅದೇ ಕಾರು ನಿಂತಿತ್ತು. ಆಯಮ್ಮ ಧೂಳು ಮೆತ್ತಿದ ದೀಪವನ್ನು ಹೂವಿನಂತೆ ಹಿಡಿದುಕೊಂಡು, “ಅಬ್ಬಾ, ಇದು ಎಷ್ಟು ಹಳೇದು ಚಾಚಾ?” ಅಂದಳು.

ಸುಳ್ಳು ಹೇಳದ ಚಾಚಾ ಗಡ್ಡ ನೀವಿಕೊಂಡು ಯೋಚಿಸಿ ಹೇಳಿದರು: “ರೋಡಿನ ಕಡೀಗೆ ಇಟ್ಟದ್ದು ಬಾಳ ಹಳೇದಮ್ಮ. ಒಳಗ ಇಟ್ಟದ್ದು ಅಷ್ಟು ಹಳೇದಲ್ಲ.”

ಆಯಮ್ಮ ರೋಡಿನ ಕಡೆಯದನ್ನೆಲ್ಲ ಕಾರಿಗೆ ಹಾಕಿಸಿದಳು.

ಹುಚ್ಚನ ಪ್ಯಾಂಟು

ಸಿರುಗುಪ್ಪ ಕಡೆಯ ಒಂದು ಹಳ್ಳಿಯವರು ಸಾಮಾಜಿಕ ನಾಟಕ ಹಿಡಿದಿದ್ದರು. ಅದರಲ್ಲಿ ಒಬ್ಬ ಹುಚ್ಚ. “ಈ ಊರು ನಂದು, ಈ ಕೆರಿ ನಂದು, ಆ ಗುಡ್ಡ ನಂದು” ಅನ್ನುತ್ತಾ ತಿರುಗುವ ಪಾತ್ರ. ಅವನಿಗೆ ಹರಿದ ಪ್ಯಾಂಟು ಬೇಕಿತ್ತು.

ಬಳ್ಳಾರಿಯಲ್ಲಿ ಓಣಿಗೊಂದು ಕಡೆ ಜೀನ್ಸ್ ಹೊಲಿಯುತ್ತಾರೆ, ಅಲ್ಲಿ ಹರಿದ ಪ್ಯಾಂಟಿಗೆ ಬರವೇ ಅಂತ ಹೊರಟೆ. ಹಳೇ ಪ್ಯಾಂಟು ಮಾರುವವನು, “ಹರಿದದ್ದಕ್ಕ ರೇಟು ಜಾಸ್ತಿ ಅಣ್ಣ. ಈಗ ಅದ ಫ್ಯಾಷನ್ನು. ಚಲೋದು ಬೇಕಂದ್ರ ಕಮ್ಮೀಗೆ ಕೊಡ್ತೀನಿ” ಅಂದ. ನಾನು ಚಲೋದನ್ನೇ ತಂದು ಹೆಂಡತಿಯ ಕೈಗೆ ಕತ್ತರಿ ಕೊಟ್ಟೆ. ಮದುವೆಯಾದಾಗಿನಿಂದ ಹರಿದದ್ದನ್ನು ಹೊಲಿದು ಅಭ್ಯಾಸವಾದವಳು. ಕತ್ತರಿ ಹಿಡಿದು ಸುಮಾರು ಹೊತ್ತು ಕೂತು, ಕೊನೆಗೆ, “ನನ್ನ ಕೈಲಿ ಆಗಂಗಿಲ್ಲ” ಅಂತ ಎದ್ದು ಹೋದಳು.

ಅಷ್ಟರಲ್ಲಿ ಡ್ರೆಸ್ ನೋಡಲು ನಾಟಕದ ಮಾಸ್ತರು ಬಂದರು. ವಯಸ್ಸಾದವರು, ದಪ್ಪ ಕನ್ನಡಕ. ಅವರ ಹಿಂದೆಯೇ ಒಬ್ಬ ಹುಡುಗ ಬಂದ. ತೊಡೆಯ ಮೇಲೆ, ಮೊಣಕಾಲ ಮೇಲೆ ಹರಿದ ಜೀನ್ಸು, ಮುಳ್ಳುಹಂದಿಯಂತೆ ನಿಂತ ಕೂದಲು. ನಾಟಕದ ಖರ್ಚು ಹೊತ್ತಿದ್ದ ಸಾಹುಕಾರರ ಮಗ ಅವನು. ಅವರ ಹೊಲದ ಪಕ್ಕದ ಗುಡ್ಡದಲ್ಲಿ ಅದಿರು ಸಿಕ್ಕಿತ್ತು. ನನಗೆ ಗುರುತು ಇತ್ತು, ಮಾಸ್ತರಿಗೆ ಇರಲಿಲ್ಲ.

ಮಾಸ್ತರು ಅವನ ಸುತ್ತ ಒಂದು ಸಲ ತಿರುಗಿ ನನಗೆ ಹೇಳಿದರು: “ಭೇಷ್! ಹುಚ್ಚನ ಡ್ರೆಸ್ ಚಲೋ ಹೊಂದಿಸೀರಿ. ತಲೀನೂ ಚಲೋ ಕೆದರೀರಿ. ಎಡಗಾಲಿನ ಕಡೆ ಇನ್ನೊಂಚೂರು ಹರದ್ರ ಮುಗೀತು.”

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಕೆರಳಿದ. ಎದೆ ತಟ್ಟಿಕೊಂಡು, “ಯಾರಂತ ತಿಳದೀರಿ ನನ್ನ? ಆ ಗುಡ್ಡ ಐತಲ್ಲ, ಆ ಗುಡ್ಡಾನ ನಮ್ದು!” ಅಂತ ಕೂಗಿದ.

ಮಾಸ್ತರು ಚಪ್ಪಾಳೆ ಹೊಡೆದರು. “ಅಬ್ಬಬ್ಬಾ! ಡೈಲಾಗ್ ಸೈತ ಕಲಿತು ಬಂದಾನಲ್ರಿ!”

ಜಡ್ಜು ಬಂದಿಲ್ಲ

ಹಳೇ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬಳು ನಮ್ಮ ಓಣಿಗೆ ಬರುತ್ತಿದ್ದಳು. ಒಳ್ಳೆಯದೇನಾದರೂ ಸಿಕ್ಕರೆ ಮೊದಲು ನಮಗೇ ತೋರಿಸುತ್ತಿದ್ದಳು. ಹಾಗೆ ಒಂದು ಕರಿ ಕೋಟು ತಂದಳು. ಕಾಲರು ಮಾಸಿ ಹಸಿರಾಗಿತ್ತು, ಮೊಣಕೈಗೆ ತೇಪೆ. ನಾಟಕದ ಜಡ್ಜಿಗೆ ಹೇಳಿ ಮಾಡಿಸಿದಂತಿತ್ತು. ಕೊಂಡು ಅಂಗಡಿ ಮುಂದೆಯೇ ತೂಗುಹಾಕಿದೆ.

ಮಾರನೇ ದಿನ ಸ್ಕೂಟರಿನಲ್ಲಿ ಹೋಗುತ್ತಿದ್ದ ವಕೀಲರೊಬ್ಬರು ಗಕ್ಕನೆ ನಿಂತರು. ಒಳಗೆ ಬಂದು ಕೋಟಿನ ಅಸ್ತರು ತಿರುಗಿಸಿ ನೋಡಿ, ಅದನ್ನು ಎದೆಗೊತ್ತಿಕೊಂಡರು.

“ಇದು ನಂದ್ರಿ! ನಮ್ಮನಿಯಾಕಿ ಹಿಟ್ಟಿನ ಡಬ್ಬಿಗೆ ಕೊಟ್ಟಾಳ. ಹೊಸಾದು ಹೊಲಿಸ್ಯಾಳ. ಅದನ್ನ ಹಾಕ್ಕೊಂಡು ನಿಂತ್ರ ಬಾಯಾಗ ಮಾತ ಬರವಲ್ದು. ನಿನ್ನೆ ನಮ್ಮ ಪಾರ್ಟಿ ಹೆಸರ ಮರ್ತೆ. ಎದುರಿನ ವಕೀಲ ನೆನಪು ಮಾಡಿದ!”

ಅವರ ಮುಖ ನೋಡಿದರೆ ನಗುವ ವಿಷಯವಲ್ಲ ಅಂತ ಗೊತ್ತಾಗುತ್ತಿತ್ತು. “ಒಯ್ರಿ ಸರ್” ಅಂದೆ.

“ಮನೀಗೆ ಹೆಂಗ ಒಯ್ಲಿ? ಈ ಸಲ ಸುಟ್ಟೇ ಬಿಡ್ತಾಳ.”

ಕೊನೆಗೆ ಒಂದು ಒಪ್ಪಂದವಾಯಿತು. ಬೆಳಿಗ್ಗೆ ವಕೀಲರು ಹೊಸ ಕೋಟಿನಲ್ಲಿ ಬಂದು, ಅದನ್ನು ನಮ್ಮಲ್ಲಿ ಬಿಟ್ಟು, ಹಳೇದು ತೊಟ್ಟು ಕೋರ್ಟಿಗೆ ಹೋಗುವುದು. ಸಂಜೆ ಬಂದು ಬದಲಿಸಿಕೊಂಡು ಮನೆಗೆ ಹೋಗುವುದು. ಕೋರ್ಟಿಗೆ ರಜೆ ಇದ್ದ ದಿನ ಕೋಟು ನಾಟಕಕ್ಕೆ ಹೋಗುವುದು. ವಕೀಲರಿಗೆ ಮಾತು ವಾಪಸ್ಸು ಬಂತು.

ಒಂದು ಸೋಮವಾರ ಮಾತ್ರ ಎಡವಟ್ಟಾಯಿತು. ಭಾನುವಾರ ನಾಟಕಕ್ಕೆ ಒಯ್ದವರು ಕೋಟು ತಂದಿರಲಿಲ್ಲ. ವಕೀಲರು ತಮ್ಮ ಪಾರ್ಟಿಯವನನ್ನೂ, ಅಂದರೆ ಕಕ್ಷಿದಾರನನ್ನೂ ಕರೆದುಕೊಂಡು ಅಂಗಡಿ ಮುಂದೆ ನಿಂತಿದ್ದರು. ಊರಿಂದ ಮುಂಜಾನೆಯೇ ಬಸ್ಸು ಹತ್ತಿ ಬಂದಿದ್ದ ರೈತ ಅವನು. ಪಾತ್ರ ಮಾಡಿದವನು ಕೋಟು ತರಬೇಕಲ್ಲ ಅಂತ ವಕೀಲರು ಗಡಿಯಾರ ನೋಡಿಕೊಂಡು, “ಏನ್ರಿ, ಜಡ್ಜು ಇನ್ನೂ ಬಂದಿಲ್ಲೇನು?” ಅಂತ ಕೇಳಿದರು.

ನಾನು, “ಇಲ್ರಿ ಸರ್, ಬೆಳತನಕ ಕುಣದಾನ. ಇನ್ನೂ ಎದ್ದಿರಾಕಿಲ್ಲ” ಅಂದೆ.

ಕೋಟು ಬಂದು, ವಕೀಲರು ಅದನ್ನು ತೊಟ್ಟು ತಿರುಗಿ ನೋಡಿದರೆ ಪಾರ್ಟಿಯವನು ಇಲ್ಲ. ಪಕ್ಕದ ಪಾನ್ ಅಂಗಡಿಯವನು ಹೇಳಿದ: “ಜಡ್ಜ ಇಂಥಾವ ಆದ್ರ ನನಗ ನ್ಯಾಯ ಸಿಕ್ಕಂಗ ಐತಿ ಅಂದು ಬಸ್ಸಿಗೆ ಹೋದ್ನಲ್ರಿ!”

ದುಶ್ಯಾಸನನಿಗೆ ಪಾಠ

ಸಿರುಗುಪ್ಪದಲ್ಲಿ ಹಳೇ ಜರಿ ಸೀರೆ ಕೊಳ್ಳುವ ಅಂಗಡಿಯೊಂದಿತ್ತು. ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು. ನಾನು ಹೋದಾಗ ಒಬ್ಬ ಅಜ್ಜಿ ಕೆಂಪು ರೇಷ್ಮೆ ಸೀರೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮದುವೆ ಸೀರೆ. ಭಾರ ಅಂತ ಸೊಸೆಯರು ಉಡುವುದಿಲ್ಲ. ಮಾರಲು ಬಂದವಳು, ಸುಡುತ್ತಾರೆ ಅಂತ ಕೇಳಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ನಾ ತಗೊಂತೀನಿ ಬೇ, ಸುಡಂಗಿಲ್ಲ. ಇದನ್ನ ದ್ರೌಪದಿ ಉಡ್ತಾಳ” ಅಂದೆ.

ಅಜ್ಜಿಯ ಮುಖ ಅರಳಿತು. “ದ್ರೌಪದಿ ಅಂದ್ರ ರಾಣಿ ಅಲ್ಲೇನಪ್ಪ? ಕೊಡ್ತೀನಿ. ಯಾವೂರಾಗ ನಾಟಕ?”

ಇಲ್ಲೇ ಹತ್ತಿರದ ಕರೂರಿನಲ್ಲಿ ಅಂದೆ. ಆಮೇಲೆ ರಾಣಿಗೆ ಏನಾಗುತ್ತದೆ ಅನ್ನುವುದನ್ನು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.

ನಾಟಕದ ಹಿಂದಿನ ದಿನ ಮಧ್ಯಾಹ್ನ ಕರೂರಿನಲ್ಲಿ ಡ್ರೆಸ್ ತೊಟ್ಟು ಟ್ರಯಲ್ ನಡೆಯುತ್ತಿತ್ತು. ನೋಡಿದರೆ ಅಜ್ಜಿ ಬಸ್ಸಿನಲ್ಲಿ ಬಂದಿಳಿದು ಮುಂದೆಯೇ ಕೂತಿದ್ದಾಳೆ. ದ್ರೌಪದಿ ಬಂದಳು, ಅಜ್ಜಿ ಕಣ್ಣೊರೆಸಿಕೊಂಡಳು. ದುಶ್ಯಾಸನ ಬಂದ. ಮೂಟೆ ಹೊತ್ತು ಗಟ್ಟಿಯಾದ ಆಳು. ಸೆರಗಿಗೆ ಕೈ ಹಾಕಿ ಒಂದೇ ಸಲ ಜಗ್ಗಿದ.

“ಲೇ! ಲೇ! ಬಿಡಲೇ!” ಅಜ್ಜಿ ಸೀದಾ ಸ್ಟೇಜು ಹತ್ತಿದಳು. “ಎತ್ತಿನ ಹಗ್ಗ ಮಾಡಿದೇನಲೇ? ಜರಿ ಕಿತ್ತು ಬರತೈತಿ!”

“ಯವ್ವಾ, ನಾ ದುಶ್ಯಾಸನ ಅದೀನಿ. ಎಳೀಲೇಬೇಕು” ಅಂತ ಅವನು ಅಂಗಲಾಚಿದ.

“ಎಳಿ. ಯಾರು ಬ್ಯಾಡ ಅಂದ್ರು? ಮೆಲ್ಲಕ ಎಳಿ, ಎಳದಂಗ ಎಳದಂಗ ಮಡಚು. ನೆಲಕ್ಕ ಬಿಡಬ್ಯಾಡ. ನಾಳೆ ಬಂದು ನೋಡ್ತೀನಿ.”

ಮಾರನೇ ದಿನ ಅಜ್ಜಿ ಮತ್ತೆ ಮುಂದಿನ ಸಾಲಿನಲ್ಲೇ ಇದ್ದಳು. ತುಂಬಿದ ಸಭೆಯಲ್ಲಿ ದುಶ್ಯಾಸನ ಅಬ್ಬರಿಸಿ ನಕ್ಕ, ಅಜ್ಜಿಯನ್ನು ನೋಡಿದ, ತಣ್ಣಗಾದ. ಒಂದೊಂದೇ ಸೀರೆ ಮೆಲ್ಲಗೆ ಎಳೆದು, ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಮಾಡಿ ದುರ್ಯೋಧನನ ಸಿಂಹಾಸನದ ಮೇಲೆ ಒಟ್ಟತೊಡಗಿದ. ದುರ್ಯೋಧನ ಎದ್ದು ನಿಂತು ಜಾಗ ಬಿಟ್ಟ.

ಹೆಂಗಸರ ಕಡೆಯಿಂದ ಒಂದು ದನಿ ಬಂತು: “ಲೇ ದುಶ್ಯಾಸನ, ನಾಳಿಗೆ ನಮ್ಮನೀಗೂ ಬಾರಲೇ! ಮಡಚೋ ಅರಿವಿ ಬಾಳ ಬಿದ್ದಾವ!”

ಮೂರು ಸ್ಟಾರಿನ ಸಾಹೇಬ

ಕುರುಗೋಡಿನಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ, ಮುಚ್ಚಿಹೋದ ನಾಟಕ ಕಂಪನಿಯೊಂದರ ಟ್ರಂಕು ಇದೆ ಅಂತ ಸುದ್ದಿ ಬಂತು. ನನ್ನ ಭಾಮೈದನನ್ನು, ಅಂದರೆ ಹೆಂಡತಿಯ ತಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಎತ್ತರದ ಆಳು, ದಪ್ಪ ಮೀಸೆ, ಹೊಟ್ಟೆಯೂ ಇದೆ. ಸ್ವಭಾವ ಮಾತ್ರ ಕರುವಿನದು. ಟ್ರಂಕಿನಲ್ಲಿ ಕಿರೀಟ, ಕತ್ತಿ, ಗದೆ, ಒಂದು ಇನ್ಸ್‌ಪೆಕ್ಟರ್ ಡ್ರೆಸ್ಸು ಎಲ್ಲ ಇದ್ದವು. ಕೊಂಡು, ಬೈಕಿಗೆ ಕಟ್ಟಿಕೊಂಡು ಹೊರಟೆವು.

ಆಗಷ್ಟೇ ಮಳೆ ಬಂದು ನಿಂತಿತ್ತು. ಲಾರಿಗಳು ಓಡಾಡುವ ದೊಡ್ಡ ರಸ್ತೆ ಸೇರಿದ್ದೇ ತಡ, ಒಂದು ಲಾರಿ ಗುಂಡಿಗೆ ಇಳಿದು ಕೆಸರು ಹಾರಿಸಿ ಹಿಂದೆ ಕೂತ ಭಾಮೈದನನ್ನು ತಲೆಯಿಂದ ಕಾಲಿನವರೆಗೆ ಕೆಂಪು ಮಾಡಿತು. ಅದೇ ಹೊತ್ತಿಗೆ ಬೈಕು ಪಂಕ್ಚರಾಯಿತು. ಟ್ರಂಕಿನಲ್ಲಿ ಅವನ ಅಳತೆಗೆ ಇದ್ದದ್ದು ಇನ್ಸ್‌ಪೆಕ್ಟರ್ ಡ್ರೆಸ್ಸು ಒಂದೇ. ಅದನ್ನು ಹಾಕಿಕೊಂಡ. ತಲೆಯ ಕೆಸರು ಕಾಣಬಾರದು ಅಂತ ಟೋಪಿಯನ್ನೂ ಇಟ್ಟ.

“ನಾ ಪಂಕ್ಚರ್ ಹಾಕಿಸ್ಕೊಂಡು ಬರ್ತೀನಿ. ಟ್ರಂಕು ಬೈಕಿಗೆ ಭಾರ ಆಗತೈತಿ, ಯಾವುದಾರ ಲಾರಿಗೆ ಕೈ ಮಾಡಿ ಹಾಕಿಸು” ಅಂತ ಹೇಳಿ ನಾನು ಬೈಕು ತಳ್ಳಿಕೊಂಡು ಹೋದೆ. ನಾನಿಲ್ಲದಾಗ ಆದದ್ದನ್ನು ಆಮೇಲೆ ಅವನೇ ಹೇಳಿದ.

ಭಾಮೈದ ಕೈ ಮಾಡಿದ. ಮೊದಲ ಲಾರಿ ಕಿರ್ರನೆ ನಿಂತಿತು. ಅದರ ಹಿಂದಿನದೂ, ಅದರ ಹಿಂದಿನದೂ ನಿಂತವು. ಡ್ರೈವರು ಕಾಗದದ ಕಟ್ಟು ಹಿಡಿದು ಓಡಿಬಂದ. “ಸಾರ್, ಪೇಪರ್ಲು ಅನ್ನೀ ಉನ್ನಾಯಿ ಸಾರ್!” ಪೇಪರೆಲ್ಲ ಇದೆ ಅಂತ ತೆಲುಗಿನಲ್ಲಿ ಗೋಗರೆದ.

“ಪೇಪರ್ ಬ್ಯಾಡಪ್ಪ. ಈ ಟ್ರಂಕು ಹಾಕ್ಕೊಂಡು ಹೋಗು.”

“ಟ್ರಂಕಿನಾಗ ಏನೈತ್ರಿ ಸಾರ್?”

“ಕತ್ತಿ ಅದಾವ” ಅಂದ ಭಾಮೈದ, ಇದ್ದದ್ದು ಇದ್ದ ಹಾಗೆ.

ಡ್ರೈವರು ಕೈ ಮುಗಿದು ಹಿಂದಕ್ಕೆ ಸರಿದ. ಎರಡನೆಯವನು ಕೇಳದೆಯೇ ಶುರು ಮಾಡಿದ: “ಸಾರ್, ನಂದು ಓವರ್‌ಲೋಡ್ ಅಲ್ರಿ. ಮಳಿಗೆ ಮಣ್ಣು ತೊಯ್ದೈತಿ, ಅದಕ್ಕ ಜಾಸ್ತಿ ಕಾಣತೈತಿ.” ಸಾಲು ತಿರುವಿನವರೆಗೆ ಬೆಳೆಯಿತು.

ಆಗ ಬೈಕಿನಲ್ಲಿ ನಿಜವಾದ ಕಾನ್‌ಸ್ಟೇಬಲ್ ಒಬ್ಬರು ಬಂದರು. ಹೆಗಲ ಮೇಲಿನ ಮೂರು ಸ್ಟಾರು ಕಂಡದ್ದೇ ಇಳಿದು ಸೆಲ್ಯೂಟ್ ಹೊಡೆದರು. “ಸರ್, ಹೊಸದಾಗಿ ಬಂದೀರೇನ್ರಿ?”

“ಹೂಂರಿ, ಈಗಷ್ಟ ಬಂದೆ. ಸ್ವಲ್ಪ ಈ ಟ್ರಂಕು ಎತ್ತಾಕ ಕೈ ಹಚ್ರಿ.”

ನಾನು ವಾಪಸ್ಸು ಬಂದಾಗ ಕಾನ್‌ಸ್ಟೇಬಲ್ ಟ್ರಂಕಿನ ಒಂದು ತುದಿ ಹಿಡಿದು ಏದುಸಿರು ಬಿಡುತ್ತಿದ್ದರು. ಓಡಿಹೋಗಿ ಕೈ ಮುಗಿದು ಇದ್ದ ವಿಷಯ ಹೇಳಿಬಿಟ್ಟೆ. ಅವರ ಕೈ ಸಡಿಲವಾಯಿತು. ಟ್ರಂಕು ಬಿದ್ದು ಬಾಯಿ ತೆರೆದು, ಭೀಮನ ಗದೆ ಉರುಳಿಕೊಂಡು ಹೋಗಿ ಅವರ ಬೂಟಿಗೆ ತಾಗಿ ನಿಂತಿತು. ಭಾಮೈದನ ಹೆಗಲ ಮೇಲೆ ಬಂಗಾರದ ಕಾಗದದ ಸ್ಟಾರೊಂದು ತೊಯ್ದು ಜೋತಾಡುತ್ತಿತ್ತು.

“ಹಂಗಾರ ನಾ ಸೆಲ್ಯೂಟ್ ಹೊಡೆದದ್ದು ಯಾರಿಗೆ?”

“ನಮ್ಮ ಭಾಮೈದಗ್ರಿ.”

“ನಡೀರಿ ಇಬ್ರೂ ಸ್ಟೇಷನ್ನಿಗೆ! ಒಳಗ ಹಾಕ್ತೀನಿ!” ಭಾಮೈದ ಅಳುವುದಕ್ಕೇ ಶುರು ಮಾಡಿದ, ಟೋಪಿ ತೆಗೆದು ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಹಿಂದಿನಿಂದ ಬಸ್ಸುಗಳ ಹಾರ್ನು ಜೋರಾಯಿತು. ಕಾನ್‌ಸ್ಟೇಬಲ್ ಸೀಟಿ ಊದಿ, “ಹೋಗ್ರಿ, ಹೋಗ್ರಿ!” ಅಂತ ಲಾಠಿ ಬೀಸಿದರು. ಒಂದು ಲಾರಿಯೂ ಅಲುಗಲಿಲ್ಲ.

ಮೊದಲ ಡ್ರೈವರು ಕಿಟಕಿಯಿಂದ ಹೇಳಿದ: “ನಿಲ್ಲಿಸಿದ್ದು ದೊಡ್ಡ ಸಾಹೇಬ್ರು. ಅವರು ಹೇಳ್ಲಿ ಸಾರ್. ನೀವು ಬಿಟ್ಟು ಅವರು ಹಿಡಿದ್ರ?”

“ಅಂವ ಸಾಹೇಬಲ್ಲೋ, ನಾಟಕದಾಂವ!”

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಯಾರೂ ನಂಬಲಿಲ್ಲ. ಕಾನ್‌ಸ್ಟೇಬಲ್ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು, ಬೆವರೊರೆಸಿಕೊಂಡು ಭಾಮೈದನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಲೇ, ಅಳೋದು ಬಿಡು. ಟೋಪಿ ಹಾಕ್ಕೋ. ಒಂದ್ಸಲ ಕೈ ಬೀಸು. ಆಮ್ಯಾಲ ಅರೆಸ್ಟ್ ಮಾಡ್ತೀನಿ.”

ಭಾಮೈದ ಮೂಗು ಒರೆಸಿಕೊಂಡು ಟೋಪಿ ಇಟ್ಟು ಕೈ ಬೀಸಿದ. ಲಾರಿಗಳು ಹೊರಟವು. ಒಬ್ಬೊಬ್ಬ ಡ್ರೈವರೂ ಅವನಿಗೆ ನಮಸ್ಕಾರ ಮಾಡಿಕೊಂಡು ಹೋದ. ಪಕ್ಕದಲ್ಲಿ ನಿಂತ ಕಾನ್‌ಸ್ಟೇಬಲ್‌ನ ಕಡೆ ಯಾರೂ ನೋಡಲಿಲ್ಲ. ರಸ್ತೆ ಖಾಲಿಯಾಗುವ ಹೊತ್ತಿಗೆ ಅವರ ಸಿಟ್ಟೂ ಇಳಿದಿತ್ತು. “ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಆ ಡ್ರೆಸ್ ಮೊದಲ ಬಿಚ್ಚಿಸ್ರಿ. ನಾ ಹೋಗ್ತೀನಿ” ಅಂದರು.

ಭಾಮೈದ ನಿಟ್ಟುಸಿರು ಬಿಟ್ಟು, “ಹೂಂ, ಹೋಗಿ ಬರ್ರಿ” ಅಂತ ತಲೆಯಾಡಿಸಿದ.

ಕಾನ್‌ಸ್ಟೇಬಲ್ ಕಾಲು ಕೂಡಿಸಿ ಫಟ್ಟನೆ ಸೆಲ್ಯೂಟ್ ಹೊಡೆದರು. ಕೈ ಹಣೆಗೆ ಹೋದ ಮೇಲೆ ನೆನಪಾಯಿತು. ಅದೇ ಕೈಯಿಂದ ಹಣೆ ಹಣೆ ಚಚ್ಚಿಕೊಂಡರು.