ಖಾಲಿ ಟ್ರಾಲಿಯ ಬಾಡಿಗೆ

'ನಾನು ಹತ್ತದ ಟ್ರಾಲಿಗೆ ನಾನು ಬಾಡಿಗೆ ಕೊಡುವುದಿಲ್ಲ!'

ಪುರಸಭೆಯ ಮೆಟ್ಟಿಲ ಮೇಲೆ ನಿಂತು ನಾನು ಮಾಡಿದ ಈ ಘೋಷಣೆಯನ್ನು, ನಮ್ಮೂರಿನ ಇತಿಹಾಸ ಬರೆಯುವವರು ಯಾರಾದರೂ ಇದ್ದರೆ, ದಯವಿಟ್ಟು ಸೇರಿಸಿಕೊಳ್ಳಬೇಕು. ಮುಂದೆ ನಡೆದದ್ದನ್ನು ಬಿಟ್ಟರೂ ಅಡ್ಡಿಯಿಲ್ಲ.

ಮನೆಪಟ್ಟಿ, ಅಂದರೆ ಮನೆಯ ತೆರಿಗೆ, ಮೂರು ವರ್ಷದಿಂದ ಬಾಕಿ ಇತ್ತು. ನೋಟಿಸುಗಳು ಬರುತ್ತಿದ್ದವು, ನಾನು ಅವುಗಳಲ್ಲಿ ಶೇಂಗಾ ಕಟ್ಟಿಡುತ್ತಿದ್ದೆ. ಕೊನೆಗೊಂದು ದಿನ ಜಪ್ತಿಗೆಂದು ಪುರಸಭೆಯಿಂದ ಟ್ರ್ಯಾಕ್ಟರಿನ ಟ್ರಾಲಿಯೇ ಬಂತು. ಅಂದು ನಾವು ಚಿಂಚಲಿಗೆ ಹೋಗಿದ್ದರಿಂದ ಬಾಗಿಲಿನ ಬೀಗ ನೋಡಿ ಹಿಂದಿರುಗಿತಂತೆ. ಸುದ್ದಿ ಕೇಳಿದವನೇ ಓಡಿಹೋಗಿ ಬಾಕಿ ಪಟ್ಟಿ ಪೂರ್ತಿ ಕಟ್ಟಿದೆ. ವಸೂಲಿ ಗುಮಾಸ್ತ ತುಕಾರಾಮ ಪಾವತಿ ಚೀಟಿ ಹರಿದು ಕೊಟ್ಟು, ಜಪ್ತಿ ಖರ್ಚು ಇನ್ನೂ ಆರುನೂರು ಎಂದ.

"ಏನೂ ಒಯ್ದಿಲ್ಲ, ಖರ್ಚು ಎಲ್ಲಿಂದ ಬಂತ್ರಿ?"

"ಟ್ರಾಲಿ ಬಂದಿತ್ತಲ್ರೀ."

"ಖಾಲಿ ಹೋತಲ್ಲ?"

"ಖಾಲಿ ಹೋದ್ರೂ ಡೀಸೆಲ್ ಕುಡಿತೈತ್ರಿ."

ಮೇಲಿನ ಘೋಷಣೆ ಹೊರಟದ್ದು ಆಗ. ತುಕಾರಾಮ ಅದನ್ನು ಶಾಂತವಾಗಿ ಕೇಳಿ, ಹಾಗಾದರೆ ಗುರುವಾರ ಟ್ರಾಲಿ ಮತ್ತೆ ಬರುತ್ತದೆ, ಅದರ ಬಾಡಿಗೆಯೂ ನಿಮ್ಮ ಹೆಸರಿಗೇ ಎಂದ.

ಮನೆಯಲ್ಲಿ ನನ್ನ ಹೆಂಡತಿ ಕಾಂಚನ ಜೋಳ ಬೀಸುತ್ತಿದ್ದಳು. ಅವಳು ತನ್ನ ದುಡ್ಡಿನಲ್ಲಿ ಕೊಂಡ ಸಣ್ಣ ಕರೆಂಟಿನ ಗಿರಣಿ ಅದು. ಇಡೀ ಓಣಿಯ ಹಿಟ್ಟು ಅದರಲ್ಲೇ ಆಗುತ್ತದೆ. ನನ್ನ ಚಹಾದ ಖರ್ಚೂ ಅದರಿಂದಲೇ. ನನ್ನ ತತ್ವವನ್ನು ಅವಳಿಗೆ ವಿವರಿಸಿದೆ.

"ಆರುನೂರು ಕೊಟ್ಟು ಬರ್ರಿ," ಎಂದಳು. "ಈ ಮನ್ಯಾಗ ಬೆಲೆ ಬಾಳೂದು ಗಿರಣಿ ಒಂದ. ಅದನ್ನ ಬಿಟ್ಟು ನಿಮ್ಮನ್ನೇನ ಒಯ್ತಾರೇನ?"

ನಾನು ಹಿಂಜರಿಯಲಿಲ್ಲ. ಗಿರಣಿಯನ್ನೇ ಏಕಸಂಬಿಯಲ್ಲಿರುವ ಅವಳ ತಮ್ಮ ಬಾಳಾಸಾಬನ ಮನೆಗೆ ಸಾಗಿಸಿಬಿಡುವ ಮಹಾಯೋಜನೆ ಹೂಡಿದೆ. ಆದರೆ ಕಬ್ಬಿನ ಹಂಗಾಮು! ತಾಲೂಕಿನ ಟ್ರ್ಯಾಕ್ಟರುಗಳೆಲ್ಲ ಕಾರ್ಖಾನೆಯ ಮುಂದೆ ಸಾಲುಗಟ್ಟಿದ್ದವು. ಊರೆಲ್ಲ ಹುಡುಕಿದ ಮೇಲೆ ಸಿಕ್ಕವನು ಮಾಳಸಿದ್ದ ಒಬ್ಬನೇ. ಹಂಗಾಮಿನ ದರವೆಂದು ಸಾವಿರ ಕೇಳಿದ. ಆರುನೂರು ಉಳಿಸಲು ಸಾವಿರ ಕೊಟ್ಟೆ. ತತ್ವ ಅಂದ ಮೇಲೆ ಲೆಕ್ಕ ಮಾಡಬಾರದು.

ಗುರುವಾರ ಟ್ರಾಲಿ ಬಂತು. ತುಕಾರಾಮನನ್ನು ಮಾವನಂತೆ ಬರಮಾಡಿಕೊಂಡು, ಮನೆಯೆಲ್ಲ ತೋರಿಸಿ, "ಏನ ಬೇಕೋ ಒಯ್ರಿ" ಎಂದೆ. ಇದ್ದದ್ದು ಮಲಗುವ ಹೊರಸು, ನನ್ನ ಹಳೆಯ ಕೊಡೆ. ಗೆದ್ದೆ ಎನ್ನುವಷ್ಟರಲ್ಲಿ ಟ್ರ್ಯಾಕ್ಟರಿನ ಮೇಲಿದ್ದವನು ಕೆಳಗಿಳಿದ. ಅದೇ ಮಾಳಸಿದ್ದ! ಖಾಲಿ ಇದ್ದ ಒಂದೇ ಟ್ರ್ಯಾಕ್ಟರು ಪುರಸಭೆಗೂ ಬೇಕಲ್ಲ. ಮೊದಲ ಸಲ ಬೀಗ ನೋಡಿ ಹಿಂದಿರುಗಿದ್ದೂ ಇದೇ ಅಂತೆ.

"ಗಿರಣಿ ಹುಡುಕಾಕತ್ತೀರೇನ್ರಿ ಸಾಹೇಬ್ರ?" ಎಂದು ಅವನು ಪರೋಪಕಾರದ ದನಿಯಲ್ಲಿ ಕೇಳಿದ. "ಅದು ಏಕಸಂಬ್ಯಾಗ ಐತ್ರಿ. ನಾನ ಇಳಿಸಿ ಬಂದೇನಿ."

ನಾನು ಕೊಡೆಯನ್ನು ನೋಡುತ್ತ ನಿಂತೆ. ಏಕಸಂಬಿ ತಮ್ಮ ಪುರಸಭೆಯ ಹದ್ದಿಯಲ್ಲಿ ಬರುವುದಿಲ್ಲ, ಆದರೆ ಈ ಸಲದ ಬಾಡಿಗೆಯೂ ಸೇರಿ ಈಗ ಹನ್ನೆರಡು ನೂರು ಆಯಿತೆಂದ ತುಕಾರಾಮ. ಕಾಂಚನ ಒಳಗೆ ಹೋಗಿ ಬೀಸಿದ ದುಡ್ಡಿನ ಡಬ್ಬಿ ತಂದು ಅಷ್ಟನ್ನೂ ಎಣಿಸಿ ಕೊಟ್ಟಳು. ಆಮೇಲೆ ಮಾಳಸಿದ್ದನತ್ತ ತಿರುಗಿದಳು.

"ತಮ್ಮಾ, ಎರಡ ಸಲ ಖಾಲಿ ಬಂದಿ. ಎರಡಕ್ಕೂ ಬಾಡಿಗಿ ಕೊಟ್ಟೀನಿ. ಈಗ ಒಮ್ಮೆ ತುಂಬಿಕೊಂಡು ಬರೂಣು, ನಡಿ."

ಮಾಳಸಿದ್ದ ತುಕಾರಾಮನ ಮುಖ ನೋಡಿದ. ತುಕಾರಾಮ ಆಕಾಶ ನೋಡಿದ. ಟ್ರಾಲಿ ಏಕಸಂಬಿಯತ್ತ ಹೊರಟಿತು.

ಬರುವಾಗ ಗಿರಣಿ ಉರುಳದಂತೆ ಹಿಡಿಯಲು ಯಾರಾದರೂ ಟ್ರಾಲಿಯಲ್ಲಿ ಕೂರಲೇಬೇಕಿತ್ತು. ಕೂತೆ. ಬಾಳಾಸಾಬನ ಮನೆಯವರು ಅದರಲ್ಲಿ ಮನಸಾರೆ ಬೀಸಿದ್ದರು, ಒರೆಸಿರಲಿಲ್ಲ. ದಾರಿಯ ಪ್ರತಿಯೊಂದು ತಗ್ಗಿಗೂ ಹಿಟ್ಟು ನನ್ನ ಮೇಲೆ ಹಾರಿತು. ಊರು ಮುಟ್ಟುವಾಗ ಮೀಸೆಯೂ ಬೆಳ್ಳಗಾಗಿತ್ತು. ಪುರಸಭೆಯ ಮೆಟ್ಟಿಲ ಮೇಲೆ, ನಾನು ಘೋಷಣೆ ಮಾಡಿದ ಅದೇ ಜಾಗದಲ್ಲಿ, ತುಕಾರಾಮ ಚಹಾ ಕುಡಿಯುತ್ತಿದ್ದ.

"ಅಂತೂ ಟ್ರಾಲಿ ಹತ್ತಿದ್ರಲ್ರೀ," ಎಂದ.

ನಮ್ಮ ಓಣಿಯ ತಿರುವಿನಲ್ಲಿ ಹಿಟ್ಟಿಗಾಗಿ ಜೋಳದ ಪುಟ್ಟಿ ಹಿಡಿದು ನಿಂತಿದ್ದ ಮುದುಕಿ ದುಂಡವ್ವ ನನ್ನನ್ನು ನೋಡಿ ಗಾಬರಿಯಾದಳು.

"ಏನಬೇ ಕಾಂಚನಾ, ಗಿರಣಿ ಜೋಡಿ ನಿಮ್ಮನಿಯವರನ್ನೂ ಜಪ್ತಿ ಮಾಡ್ಯಾರೇನ?"

ಮಾಳಸಿದ್ದನ ಪಕ್ಕ ರಾಣಿಯಂತೆ ಕೂತಿದ್ದ ಕಾಂಚನ ತಿರುಗಿಯೂ ನೋಡಲಿಲ್ಲ.

"ಹೌದಬೇ ಆಯಿ. ಗಿರಣಿ ಬಿಡಿಸಾಕ ಹೋಗಿದ್ನಿ, ಇವರನ್ನೂ ಒಯ್ಯಬೇಕಂತ ನನಗ ಗಂಟ ಹಾಕ್ಯಾರ."