ಮೈಲಪ್ಪ ಮೇಷ್ಟ್ರ ಕೊನೆಯ ತೆನೆ

ಎಲ್ಲಕ್ಕೂ ಕಾರಣ ಮೈಲಪ್ಪ ಮೇಷ್ಟ್ರ ಹೆಬ್ಬೆರಳಿನ ಉಗುರು.

ಎಪ್ಪತ್ತೆಂಟನೇ ಇಸವಿಯ ಮಾತು. ಗ್ರಾಮಸೇವಕ ವೀರಭದ್ರಯ್ಯನವರು ಕೊಟ್ಟ ಸಿಹಿ ಮೆಕ್ಕೆಜೋಳದ ಬೀಜವನ್ನು ಮೇಷ್ಟ್ರು ಕೋಗಳಿಯ ತಮ್ಮ ಹಿತ್ತಲಲ್ಲಿ ಊರಿದ್ದರು. ಹನ್ನೆರಡು ತೆನೆ ಬಂದಿದ್ದವು.

"ತೆನೀ ಜುಟ್ಟು ಕಂದಿದ ಮ್ಯಾಲೆ ಕಾಳಿಗೆ ಉಗುರು ಒತ್ರಿ. ಹಾಲು ಬಂದ್ರ ಹದ. ಕಿತ್ತ ತಾಸಿನೊಳಗ ತಿನ್ನಬೇಕು, ತಡ ಆದ್ರ ಸಿಹಿ ಹೋಗಿ ಹಿಟ್ಟಾಗ್ತೈತಿ," ಎಂದಿದ್ದರು ಗ್ರಾಮಸೇವಕರು. ರುಚಿ ಮೆಚ್ಚಿದರೆ ಕೊಟ್ಟೂರಿನ ರೈತರ ಸಭೆಯಲ್ಲಿ ಶಾಲು ಹೊದಿಸುವ ಮಾತೂ ಆಗಿತ್ತು. ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ಯಾರೂ ಒಂದು ಟವಲ್ಲನ್ನೂ ಹೊದಿಸಿರಲಿಲ್ಲ. ಒಳ್ಳೆಯ ದಿನವೆಂದು ಸೋಮವಾರವೇ ಬರಲು ಗ್ರಾಮಸೇವಕರಿಗೆ ತಾವೇ ಹೇಳಿ ಕಳಿಸಿದರು.

ಆ ಬೆಳಿಗ್ಗೆ ನೋಡಿದರೆ ಹನ್ನೊಂದು ತೆನೆ ಬಾಯಿ ಬಿಟ್ಟುಕೊಂಡು ನಿಂತಿದ್ದವು. ಹದ ಬಂತೇ ಎಂದು ದಿನವೂ ಸಿಪ್ಪೆ ಬಿಚ್ಚಿ ಉಗುರೊತ್ತಿದ್ದಕ್ಕೆಲ್ಲ ಇರುವೆ ಮುತ್ತಿದ್ದವು, ಗಿಳಿ ಕುಕ್ಕಿತ್ತು.

ಪಕ್ಕದ ಮನೆಯ ಓಬಣ್ಣ ಗೋಡೆಯ ಮೇಲಿಂದ ಬಗ್ಗಿದ. "ಆ ಕೊನೀದೂ ಒಂದೀಟು ಒತ್ತಿ ನೋಡ್ಲೇನ್ರಿ ಮೇಷ್ಟ್ರ?"

"ಕೈ ಮುಗಿತೀನಿ ಓಬಣ್ಣ. ಏಳು ನಾನೇ ಕೆಡಿಸೀನಿ, ನಾಕು ನೀ ಕೆಡಿಸೀದಿ. ನನಗಿಂತ ಆ ಗಿಳಿನೇ ಶಾಣ್ಯಾ. ಅದು ಪರೀಕ್ಷೆ ಮಾಡಂಗಿಲ್ಲ, ತಿಂದು ಹೋಗ್ತೈತಿ."

"ಹಂಗಾರ ಈಗಲೇ ಕಿತ್ತು ಕಾಳು ತುಂಬೋ ಹಗೇವಿನಾಗ ಇಳಿಬಿಡ್ರಿ. ನಮ್ಮ ಜೋಳ ನೆಲದಾಗ ವರ್ಷಾನುಗಟ್ಟಲೆ ಇರ್ತೈತಿ."

ಮೇಷ್ಟ್ರು ಕೊಡೆ ಹಿಡಿದು ಕೊನೆಯ ತೆನೆಗೆ ಕಾವಲು ನಿಂತರು. ಹೆಂಡತಿ ತಿಪ್ಪೇರುದ್ರಮ್ಮ ಅಡುಗೆಮನೆಯಿಂದಲೇ ಹೇಳಿದಳು: "ನೀರು ಕುದೀತೈತ್ರಿ. ನಂದು ಸೋಮವಾರದ ಒಪ್ಪತ್ತು, ರುಚಿ ನೋಡು ಅನಬ್ಯಾಡ್ರಿ."

ಹನ್ನೊಂದಕ್ಕೆ ಬರಬೇಕಾದ ಬಸ್ಸು ಒಂದಕ್ಕೆ ಬಂತು. ಹಾರನ್ ಕೇಳಿದ ಮೇಲೆಯೇ ಮೇಷ್ಟ್ರು ತೆನೆ ಮುರಿದರು. ಗ್ರಾಮಸೇವಕರು ಕಾಲು ತೊಳೆದು ಕೂರುವಷ್ಟರಲ್ಲಿ ತಟ್ಟೆಯಲ್ಲಿ ತೆನೆ ಹಬೆಯಾಡುತ್ತಿತ್ತು.

ವೀರಭದ್ರಯ್ಯನವರು ಮೂಸಿ ನೋಡಿ ತಲೆದೂಗಿದರು. "ಭೇಷ್, ಹದ ಅಂದ್ರ ಇದು ನೋಡ್ರಿ. ಕಟ್ಟಿ ಕೊಡ್ರಿ, ನಾಳೆ ಆಫೀಸಿನಾಗ ತಿಂತೀನಿ. ಸೋಮವಾರ ನಂದು ಉಪಾಸ."

ಮೇಷ್ಟ್ರು ತಟ್ಟೆಯನ್ನು ಇನ್ನಷ್ಟು ಮುಂದೆ ಸರಿಸಿದರು. "ಕಿತ್ತ ತಾಸಿನೊಳಗ ತಿನ್ನಬೇಕು ಅಂದಿದ್ರಲ್ರಿ?"

"ಅದು ರೈತರಿಗೆ ಹೇಳೋ ಮಾತ್ರಿ," ಎಂದು ಅವರು ತೆನೆಯನ್ನು ಚೀಲಕ್ಕೆ ಹಾಕಿಕೊಂಡರು.

ಮರುದಿನ ಸಂಜೆ ಬಸ್ಸಿನ ಕಂಡಕ್ಟರ್ ಗ್ರಾಮಸೇವಕರ ಒಂದು ಚೀಟಿ ತಂದುಕೊಟ್ಟ. "ತೆನೆ ಬರೀ ಹಿಟ್ಟು. ಕೊಯ್ಲು ತಡ ಮಾಡಿದ್ದೀರಿ. ಮುಂದಿನ ಸಲ ಉಗುರು ಒತ್ತಿ ನೋಡಿ ಕೀಳಿರಿ."