ಮೆಟ್ರಿ ಅಜ್ಜಿಯ ಕಣ್ಣಿನ ಪ್ರೆಷರ್

ಕಣ್ಣಿನ ಆಸ್ಪತ್ರೆಗೆ ಬರುವವರು ಮುಖ ಗಂಟು ಹಾಕಿಕೊಂಡೇ ಬರುತ್ತಾರೆ. ಆದರೂ ನಾವು ಒಮ್ಮೆಯೂ ನಗದೆ ಬಾಗಿಲು ಹಾಕಿದ ದಿನ ನನಗೆ ನೆನಪಿಲ್ಲ. ಹೊಸಪೇಟೆಯ ಈ ಸಣ್ಣ ಆಸ್ಪತ್ರೆಯಲ್ಲಿ ಕಣ್ಣು ತಪಾಸಣೆ ಮಾಡುವ ಸಿಸ್ಟರ್ ಆಗಿ ನನಗೆ ಹದಿನೆಂಟು ವರ್ಷವಾಯಿತು. ಡಾಕ್ಟರ ಮುಂದೆ ಬಾಯಿ ಬಿಡದವರು ನನ್ನ ಮುಂದೆ ಸಂಸಾರವನ್ನೇ ಬಿಚ್ಚಿಡುತ್ತಾರೆ.

ಅದರಲ್ಲೂ ಗ್ಲಾಕೋಮಾದವರ ದಾರಿಯೇ ಬೇರೆ. ಕಣ್ಣಿನೊಳಗೆ ಪ್ರೆಷರ್ ಏರಿ, ಹಿಂದಿನ ನರ ಸದ್ದಿಲ್ಲದೆ ಸೊರಗುತ್ತ ಹೋಗುವ ರೋಗ ಇದು. ಬಹಳ ಮಂದಿಗೆ ನೋವಿಲ್ಲ, ಕೆಂಪಿಲ್ಲ, ನೀರು ಸೋರುವುದಿಲ್ಲ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ಎದುರಿನದು ಕೊನೆಯವರೆಗೂ ನೆಟ್ಟಗಿರುತ್ತದೆ. ಹೋದ ನೋಟ ಮತ್ತೆ ಬರುವುದಿಲ್ಲ. ಉಳಿದದ್ದನ್ನು ಡ್ರಾಪ್ಸ್ ಹಾಕಿಯೋ, ಲೇಸರ್ ಮಾಡಿಸಿಯೋ, ಅದಕ್ಕೂ ಬಗ್ಗದಿದ್ದರೆ ಆಪರೇಷನ್ ಮಾಡಿಸಿಯೋ ಕಾಪಾಡಿಕೊಳ್ಳಬೇಕು. ಇಷ್ಟನ್ನು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಹತ್ತು ಸಲವೂ ಎದುರಿಗಿದ್ದವರು ಗಂಭೀರವಾಗಿ ತಲೆಯಾಡಿಸಿ, "ಖರೆ ಐತ್ರಿ, ಆದ್ರ ನನಗ ಚೊಲೋ ಕಾಣ್ತೈತಿ" ಎನ್ನುತ್ತಾರೆ.

ಗಂಡ ಕೂತ, ಹೆಂಡತಿ ಪಾಸಾದಳು

ಕಂಪ್ಲಿಯ ರೈಸ್ ಮಿಲ್ಲಿನ ಸಾವ್ಕಾರರೊಬ್ಬರಿಗೆ ಫೀಲ್ಡ್ ಟೆಸ್ಟ್ ಬರೆದಿದ್ದರು. ಅಕ್ಕಪಕ್ಕದ ನೋಟ ಎಷ್ಟು ಉಳಿದಿದೆ ಎಂದು ಅಳೆಯುವ ಪರೀಕ್ಷೆ ಅದು. ಒಂದು ಕಣ್ಣು ಮುಚ್ಚಿ, ದೊಡ್ಡ ಬೋಗುಣಿಯಂಥ ಯಂತ್ರದ ಮುಂದೆ ಗದ್ದ ಊರಿ, ನಡುವಿನ ದೀಪವನ್ನೇ ನೋಡುತ್ತ ಕೂರಬೇಕು. ಎಲ್ಲಾದರೂ ಬೆಳಕಿನ ಚುಕ್ಕಿ ಮಿನುಗಿದರೆ ಕೈಯಲ್ಲಿರುವ ಬಟನ್ ಒತ್ತಬೇಕು.

ಸಾವ್ಕಾರರ ಹೆಂಡತಿ, "ನಾನೂ ಒಳಗ ಇರ್ತೀನ್ರಿ, ಅವರಿಗೆ ಒಬ್ಬರ ಕುಂತು ರೂಢಿ ಇಲ್ಲ" ಎಂದರು. ಇರಲಿ ಎಂದು ಮೂಲೆಯಲ್ಲಿ ಸ್ಟೂಲು ಹಾಕಿ ಕೊಟ್ಟೆ. ಪರೀಕ್ಷೆ ಶುರು ಮಾಡಿ, ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ಡ್ರಾಪ್ಸ್ ಹಾಕಿ ಬರೋಣವೆಂದು ಎರಡು ನಿಮಿಷ ಹೋದೆ. ಇನ್ನೊಬ್ಬರು ಹಿಡಿದುಕೊಂಡರು, ಎರಡು ನಿಮಿಷ ಆರಾಯಿತು. ತಿರುಗಿ ಬಂದರೆ ಕತ್ತಲೆ ಕೋಣೆಯಿಂದ ಪಿಸುದನಿ: "ಒತ್ರಿ. ಮ್ಯಾಲ ಬಂತು, ಒತ್ರಿ. ಎಡಕ್ಕ ಬಂತಲ್ರಿ, ಜಲ್ದಿ ಒತ್ರಿ." ಆಯಮ್ಮ ಗಂಡನ ಕೆನ್ನೆಗೆ ಕೆನ್ನೆ ತಾಗಿಸಿ ಬೋಗುಣಿಯೊಳಗೆ ತಲೆ ತೂರಿಸಿಬಿಟ್ಟಿದ್ದರು.

ಡಾಕ್ಟರು ರಿಪೋರ್ಟ್ ನೋಡಿ, "ನರ ನೋಡಿದರೆ ಅರ್ಧ ಹೋಗಿದೆ, ರಿಪೋರ್ಟ್ ನೋಡಿದರೆ ಒಂದು ಚುಕ್ಕಿಯೂ ತಪ್ಪಿಲ್ಲ. ಇದು ಯಾರ ಕಣ್ಣಮ್ಮಾ?" ಎಂದು ನನ್ನನ್ನೇ ಕೇಳಿದರು. ನಾನು ನಡೆದದ್ದನ್ನು ಹೇಳಿ, ಇನ್ನೊಮ್ಮೆ ಮಾಡಬೇಕು ಎಂದೆ. ಸಾವ್ಕಾರರ ಹೆಂಡತಿಗೆ ಸಿಟ್ಟು ಬಂತು. "ಮೂವತ್ತು ವರ್ಷದಾಗ ಇವತ್ತ ಮೊದಲನೇ ಸಲ ನಾ ಹೇಳಿದ್ದು ಹೇಳಿದಂಗ ಕೇಳ್ಯಾರ. ಅದನ್ನೂ ತಪ್ಪು ಅಂತೀರೇನ್ರಿ?"

ಸೂಜಿ ಮತ್ತು ಹವಾಲ್ದಾರ

ಕಂಪ್ಲಿ ಕಡೆಯ ಮೆಟ್ರಿ ಎಂಬ ಹಳ್ಳಿಯ ಅಜ್ಜಿ ಬಂದದ್ದು ಚಷ್ಮಾದ ನಂಬರಿಗೆ. ಎಪ್ಪತ್ತು ದಾಟಿದ ಗಟ್ಟಿ ಜೀವ. ಜೊತೆಯಲ್ಲಿ ಹಿರಿಮಗ, ಸಂಡೂರಿನ ಗಣಿಯಲ್ಲಿ ಟಿಪ್ಪರ್ ಡ್ರೈವರ್. ತಪಾಸಣೆ ಮಾಡಿದರೆ ಎಡಗಣ್ಣು ಹೆಚ್ಚೂಕಡಿಮೆ ಮುಗಿದಿತ್ತು. ಬಲಗಣ್ಣಿನಲ್ಲಿ ಅರ್ಧ ನೋಟ ಉಳಿದಿತ್ತು. ದಿನಾ ಸಂಜೆ ಡ್ರಾಪ್ಸ್ ಹಾಕಬೇಕು, ಜೀವ ಇರುವವರೆಗೆ ಬಿಡಬಾರದು ಎಂದೆ.

"ನೋವಿಲ್ಲ, ನವಿ ಇಲ್ಲ, ಎದಕ್ಕ ಔಷಧ?" ಎಂದು ಅಜ್ಜಿ ಎಲೆ ಅಡಿಕೆಯ ಚೀಲದಿಂದ ಸೂಜಿ ದಾರ ತೆಗೆದಳು. ಎಲ್ಲರ ಎದುರು ಒಂದೇ ಸಲಕ್ಕೆ ಪೋಣಿಸಿ, ನನ್ನ ಮೂಗಿನ ಮುಂದೆ ಹಿಡಿದಳು. "ಈಗ ನೀ ಪೋಣಿಸು ನೋಡೂಣು." ನನಗೆ ನಲವತ್ತೈದು. ನಾಲ್ಕು ಸಲ ತಪ್ಪಿತು. ಕಾಯುತ್ತಿದ್ದವರೆಲ್ಲ ಅಜ್ಜಿಗೆ ಚಪ್ಪಾಳೆ ತಟ್ಟಿದರು.

ಗೆದ್ದ ಠೀವಿಯಲ್ಲಿ ಅಜ್ಜಿ ತಿರುಗಿ, ಎಡಗಡೆಯ ಖಾಲಿ ಕುರ್ಚಿಯಲ್ಲಿ ಕೂತಳು. ಕುರ್ಚಿ ಖಾಲಿ ಇರಲಿಲ್ಲ. ಯೂನಿಫಾರಂ ಹಾಕಿದ ದಪ್ಪ ಹೊಟ್ಟೆಯ ಹವಾಲ್ದಾರರೊಬ್ಬರು ಅದರಲ್ಲಿ ಕೂತಿದ್ದರು. ಇಷ್ಟು ದೊಡ್ಡ ಮನುಷ್ಯ ಅಜ್ಜಿಗೆ ಕಂಡೇ ಇರಲಿಲ್ಲ. "ಅಜ್ಜೀ, ನಾ ಇಲ್ಲಿ ಅದೀನಿ" ಎಂದರು ಹವಾಲ್ದಾರರು ಮೆಲ್ಲಗೆ.

ಅಜ್ಜಿ ಏಳಲಿಲ್ಲ. ಕೂತಲ್ಲಿಂದಲೇ ನನ್ನ ಕಡೆ ನೋಡಿ, "ಆ ಡ್ರಾಪ್ಸ್ ಎಷ್ಟು ಹೊತ್ತಿಗೆ ಅಂದಿ?" ಎಂದಳು.

ಹೊರಡುವಾಗ ಮಾತ್ರ ನನ್ನ ಕೈ ಹಿಡಿದು, "ಯವ್ವಾ, ಬಲಗಣ್ಣೊಂದು ಉಳಿಸಿಕೊಡು. ಮಂದಿ ಕೈ ಹಿಡ್ಕೊಂಡು ಬಚ್ಚಲಕ್ಕ ಹೋಗೂ ಹಂಗ ಆಗಬಾರದು" ಎಂದಳು. ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ.

ಒಂದು ಬಾಟಲಿ, ನಾಲ್ಕು ಜೊತೆ ಕಣ್ಣು

ತಿಂಗಳು ಬರಬೇಕಾದ ಡ್ರಾಪ್ಸ್ ಬಾಟಲಿ ಅಜ್ಜಿಗೆ ಎಂಟೇ ದಿನಕ್ಕೆ ಮುಗಿಯಿತು. ಮಗ ಇನ್ನೊಂದು ಒಯ್ದ. ಅದೂ ಎಂಟು ದಿನ. ಹೀಗೇ ಎರಡು ತಿಂಗಳು ನಡೆಯಿತು. ಅಜ್ಜಿಯನ್ನು ಕರೆಸಿ ನೋಡಿದರೆ ಪ್ರೆಷರ್ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಜೊತೆಗೆ ಬಂದ ಮೂವರು ಮೊಮ್ಮಕ್ಕಳನ್ನು ನೋಡಿದ ಮೇಲೆ ನನಗೆ ಸಂಶಯ ಬಂತು. ಮೂವರೂ ಮದುವೆ ವಯಸ್ಸಿನ ಹುಡುಗಿಯರು. ಮೂವರ ಕಣ್ಣಿನ ರೆಪ್ಪೆಯಲ್ಲೂ ಕೂದಲು ದಟ್ಟವಾಗಿ, ಕಪ್ಪಗೆ, ಮೇಲಕ್ಕೆ ಬಾಗಿ ಬೆಳೆದಿತ್ತು. ಆ ಡ್ರಾಪ್ಸ್‌ಗೆ ಅಂಥದೊಂದು ಗುಣ ಇದೆ. ಗಾಬರಿಯಾಗದಿರಲಿ ಎಂದು ಮೊದಲ ದಿನವೇ ನಾನು ಅಜ್ಜಿಗೆ ಹೇಳಿದ್ದೆ. ಅಜ್ಜಿ ಅದನ್ನು ಮನೆಗೆ ಹೋಗಿ ಸಾರಿದ್ದಳು.

ಹಿರಿಯವಳು ಒಪ್ಪಿಕೊಂಡಳು. "ಕದ್ದು ಹಾಕ್ಕೊಂಡಿಲ್ರಿ. ದಿನಾ ಸಂಜಿಕ ಅಜ್ಜೀನ ನಮ್ಮನ್ನ ಕರೀತಾಳ. ನಾವು ಸಾಲಾಗಿ ಮಲಗ್ತೀವಿ, ಆಕೀನ ಹಾಕ್ತಾಳ. ಕಣ್ಣು ಪಿಟಿಪಿಟಿ ಮಾಡಿದ್ರ ಇನ್ನೊಂದು ಹನಿ ಹಾಕ್ತಾಳ."

"ಅಜ್ಜೀ, ನಿಮ್ಮ ಕಣ್ಣಿಗೆ?" ಎಂದೆ.

"ಉಳಿದ್ರ ಹಾಕ್ಕೊಂತೀನವ್ವಾ. ಮಕ್ಕಳ ಮುಂದ ನಾನೊಬ್ಬಾಕಿ ಹಾಕ್ಕೊಂಡ್ರ ಚೊಲೋ ಕಾಣ್ತೈತೇನು?"

ನಾನು ಬೈದೆ, ಬೇಡಿಕೊಂಡೆ. ಯಾರೂ ಜಗ್ಗಲಿಲ್ಲ. ಕೊನೆಗೆ, "ಇದೇ ಔಷಧಕ್ಕೆ ಕಣ್ಣಿನ ಸುತ್ತಲಿನ ಚರ್ಮವೂ ಕಪ್ಪಾಗಬಹುದು" ಎಂದೆ. ಮೂವರೂ ಒಟ್ಟಿಗೆ ಬಾಟಲಿಯನ್ನು ಅಜ್ಜಿಯ ಮಡಿಲಿಗೆ ಹಾಕಿ, ಕನ್ನಡಿ ಎಲ್ಲಿದೆ ಎಂದು ಕೇಳಿದರು.

ಹದಿನಾಲ್ಕು ಮಂದಿ ಬಂದ ಲೇಸರ್

ಆಮೇಲೆ ಅಜ್ಜಿ ನಿಯತ್ತಾಗಿ ಡ್ರಾಪ್ಸ್ ಹಾಕಿಕೊಂಡಳು. ಪ್ರೆಷರ್ ಇಳಿಯಿತು, ಆದರೆ ಸಾಲುವಷ್ಟಲ್ಲ. ಬಲಗಣ್ಣಿಗೆ ಲೇಸರ್ ಮಾಡೋಣ ಎಂದರು ಡಾಕ್ಟರು. ಊರಿನಲ್ಲಿ ಅದು ಆಪರೇಷನ್ ಎಂದಾಯಿತು.

ಹೇಳಿದ ದಿನ ಮೆಟ್ರಿಯಿಂದ ಒಂದು ಟೆಂಪೋ ಬಂದು ನಿಂತಿತು. ಇಳಿದವರು ಹದಿನಾಲ್ಕು ಮಂದಿ. ಮಕ್ಕಳು, ಸೊಸೆಯರು, ಅಜ್ಜಿಯ ತಂಗಿ. ಎರಡು ದಿನಕ್ಕಾಗುವಷ್ಟು ಜೋಳದ ರೊಟ್ಟಿ, ಹಾಸಿಗೆ ಸುರುಳಿ, ಬೀಸಣಿಗೆ, ರೋಗಿಗೆ ಕೊಡಲು ಬಾಳೆಹಣ್ಣು, ಬ್ರೆಡ್ಡು. ಒಬ್ಬೊಬ್ಬರೂ ಅಜ್ಜಿಯ ಕಾಲು ಮುಟ್ಟಿ ಒಳಗೆ ಕಳಿಸಿದರು.

ಐದು ನಿಮಿಷಕ್ಕೆ ಅಜ್ಜಿ ತಾನೇ ನಡೆದು ಹೊರಗೆ ಬಂದಳು.

"ಡಾಕ್ಟರ್ರು ಊಟಕ್ಕ ಹೋದ್ರೇನು?" ಎಂದಳು ತಂಗಿ.

"ಮುಗೀತ್ರಿ" ಎಂದೆ.

"ಪಟ್ಟಿ ಎಲ್ಲೈತಿ?"

"ಪಟ್ಟಿ ಇಲ್ಲ, ಹೊಲಿಗೆ ಇಲ್ಲ, ಮಲಗೋದೂ ಬೇಕಿಲ್ಲ. ಆಮೇಲೊಮ್ಮೆ ಪ್ರೆಷರ್ ನೋಡಿ ಕಳಿಸ್ತೀವಿ."

ಹದಿನಾಲ್ಕು ಮುಖಗಳೂ ಬಾಡಿದವು. ಅಜ್ಜಿಗಂತೂ ಅವಮಾನವೇ ಆಯಿತು. ನನ್ನನ್ನು ಮೂಲೆಗೆ ಎಳೆದು, "ಸಣ್ಣದೊಂದು ಪಟ್ಟಿ ಕಟ್ಟವ್ವಾ. ನಾಳೆ ಓಣಿ ಮಂದಿ ನೋಡಾಕ ಬರ್ತಾರ, ಏನ್ ತೋರಿಸ್ಲಿ?" ಎಂದಳು. ಪಟ್ಟಿ ಕಟ್ಟಲಾಗದೆ, ಪೊರೆ ಆಪರೇಷನ್ ಆದವರಿಗೆ ಕೊಡುವ ಕಪ್ಪು ಚಷ್ಮಾ ಹಾಕಿದೆ. ಅಜ್ಜಿ ತಕ್ಷಣ ಬೆಂಚಿನ ಮೇಲೆ ಮಲಗಿ ನರಳಿದಳು. ಸೊಸೆ ಬೀಸಣಿಗೆ ಬೀಸಿದಳು. ಹಣ್ಣು, ಬ್ರೆಡ್ಡು ಎಲ್ಲ ಮಡಿಲು ಸೇರಿದವು. ಎಲ್ಲರಿಗೂ ಜೀವ ಬಂತು.

ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದು, "ಇದು ರಕ್ತಸಂಬಂಧದಲ್ಲಿ ಬರುವ ರೋಗ. ಹೇಗೂ ಬಂದಿದ್ದೀರಿ, ಮಕ್ಕಳೂ ತಂಗಿಯೂ ತೋರಿಸಿಕೊಳ್ಳಿ" ಎಂದರು. ಎಲ್ಲರೂ ಸಾಲು ನಿಂತರು. ಹಿರಿಮಗ ಮಾತ್ರ ಬರಲೊಲ್ಲ. "ನನಗೇನಾಗೇತ್ರಿ? ದಿನಾ ಸಂಡೂರು ಘಾಟಿನಾಗ ಟಿಪ್ಪರ್ ಓಡಸ್ತೀನಿ." ಬೆಂಚಿನಿಂದ ಅಜ್ಜಿಯ ದನಿ ಬಂತು: "ಕುಂದ್ರಲೇ." ಕೂತ.

ಉಳಿದವರೆಲ್ಲ ನೆಟ್ಟಗಿದ್ದರು. ಅವನ ಪ್ರೆಷರ್ ಮಾತ್ರ ಮೂರು ಸಲ ನೋಡಿದರೂ ಮೇಲೆಯೇ ಇತ್ತು. ಡಾಕ್ಟರು ಒಳಗಿನ ನರ ನೋಡಿದರು, ನಾನು ಬಾಗಿಲು ಹಾಕಿಕೊಂಡು ಫೀಲ್ಡ್ ಟೆಸ್ಟ್ ಮಾಡಿದೆ. ರೋಗ ಶುರುವಾಗಿತ್ತು, ನೋಟ ಇನ್ನೂ ಹೋಗಿರಲಿಲ್ಲ. "ಸರಿಯಾದ ಹೊತ್ತಿಗೆ ಸಿಕ್ಕಿತು. ತಪ್ಪದೆ ಡ್ರಾಪ್ಸ್ ಹಾಕಿ, ಹೇಳಿದಾಗ ಬಂದು ತೋರಿಸು. ಗಾಡಿ ಬಿಡುವ ಪ್ರಸಂಗ ಬರಲಿಕ್ಕಿಲ್ಲ" ಎಂದರು ಡಾಕ್ಟರು.

ಅವನ ಮುಖ ಬಿಳಚಿಕೊಂಡಿತು. ಒಂದು ಪಕ್ಕ ಕಾಣದೆ ಆ ಘಾಟಿಯ ತಿರುವಿನಲ್ಲಿ ಅದಿರು ತುಂಬಿದ ಗಾಡಿ ಇಳಿಸಿದ್ದರೆ ಏನಾಗುತ್ತಿತ್ತೋ ಎಂದು ನಾನೂ ನೆನೆದೆ. ಅಜ್ಜಿಗೆ ಪಟ್ಟಿ ಇಲ್ಲದ್ದಕ್ಕೆ ಮುನಿಸಿಕೊಂಡ ಈ ಮಂದಿ ಬಂದದ್ದು ಎಷ್ಟು ಒಳ್ಳೆಯದಾಯಿತು ಎಂದು ಖುಷಿಯಲ್ಲಿ ಕಣ್ಣು ತುಂಬಿತು. ಅಜ್ಜಿ ಎದ್ದು ಕೂತು, ಕಪ್ಪು ಚಷ್ಮಾ ತೆಗೆದು, ಮಗನ ಬೆನ್ನ ಮೇಲೆ ಕೈಯಾಡಿಸಿದಳು.

ಬಂಧುಗಳಿಗೆ ಕೊನೆಗೂ ನಿಜವಾದ ಕೆಲಸ ಸಿಕ್ಕಿತ್ತು. ಎಲ್ಲರೂ ಅವನನ್ನು ಸುತ್ತುವರಿದರು. ಬೀಸಣಿಗೆ ಅವನ ಕಡೆ ತಿರುಗಿತು. ಅಜ್ಜಿಯ ತಂಗಿ ಬಾಳೆಹಣ್ಣು, ಬ್ರೆಡ್ಡನ್ನು ಅಕ್ಕನ ಮಡಿಲಿನಿಂದ ಎತ್ತಿ ಅವನ ಮಡಿಲಿಗೆ ಹಾಕಿದಳು.

ಅಜ್ಜಿ ಹಣ್ಣು ಹೋದ ಕಡೆ ನೋಡಿದಳು. ಚಷ್ಮಾ ಮತ್ತೆ ಏರಿಸಿಕೊಂಡು, ಬೆಂಚಿನ ಮೇಲೆ ಉದ್ದಕ್ಕೆ ಮಲಗಿ ಕೈ ಚಾಚಿದಳು.

"ಹಣ್ಣು ಇತ್ಲಾಗ ಕೊಡ್ರಿ. ಅವನಿಗೆ ಬರೇ ಡ್ರಾಪ್ಸ್. ಲೇಸರ್ ಆಗಿದ್ದು ನನಗ."